ಒಂದು ಸ್ಕ್ರೂ ಉಳಿಯಿತು

ಸುಶೀಲಮ್ಮನವರ ಹೊಲಿಗೆ ಮಿಷನ್ನು ಕೆಟ್ಟದ್ದು ನನ್ನಿಂದ ಎಂದು ಗಂಗಾನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಈ ವಾದದಲ್ಲಿ ಎರಡು ದೋಷಗಳಿವೆ. ಒಂದು, ನಾನು ಆ ಮಿಷನ್ನನ್ನು ಮುಟ್ಟಿಯೇ ಇಲ್ಲ. ಎರಡು, ಅದು ಕೆಟ್ಟೇ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ಇಷ್ಟಕ್ಕೇ ಗಂಟೆ ಬಾರಿಸಿ ನನ್ನ ಕೈಗೆ ಕಪ್ಪು ಕೊಡುತ್ತಿದ್ದರು. ನಮ್ಮ ಬೀದಿಯಲ್ಲಿ ಗಂಟೆ ಬಾರಿಸುವವನು ಬೊಂಬಾಯಿ ಮಿಠಾಯಿಯವನೊಬ್ಬನೇ. ಅವನು ಯಾರ ಪರವೂ ತೀರ್ಪು ಕೊಡುವುದಿಲ್ಲ.

ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳನ್ನು ನಮ್ಮ ವರಾಂಡದಲ್ಲಿ ಕೂರಿಸಿಕೊಂಡು ಪುಸ್ತಕ ಓದಿ ಹೇಳುವುದು ನನ್ನ ರೂಢಿ. ಅಂದು ಓದಿದ್ದು, ಹೆಂಗಸರು ಇಂಜಿನಿಯರಿಂಗ್ ಓದುವುದೇ ವಿಚಿತ್ರವೆನಿಸಿದ್ದ ಕಾಲದಲ್ಲಿ ಸೇತುವೆ ಕಟ್ಟಿದ ಒಬ್ಬಾಕೆಯ ಸಚಿತ್ರ ಜೀವನಚರಿತ್ರೆ. ಆಕೆಯ ಬಗ್ಗೆ ನನಗೆ ಅಪಾರ ಗೌರವ. ತಕರಾರೇನಿದ್ದರೂ ಚಿತ್ರ ಬರೆದವರ ಮೇಲೆ. ಸೇತುವೆ ಏಳುತ್ತದೆ, ಮುಗಿಯುತ್ತದೆ, ಆಕೆಯ ಗುಲಾಬಿ ಸೀರೆಯ ಮೇಲೆ ಸಿಮೆಂಟಿನ ಒಂದು ಚುಕ್ಕೆಯೂ ಬೀಳುವುದಿಲ್ಲ. ಹೆಬ್ಬಾಳದಲ್ಲಿ ಬಸ್ಸಿಗೆ ಕಾದರೆ ಸಾಕು, ನನ್ನ ದಾವಣಿ ಧೂಳಿನಿಂದ ಬಣ್ಣ ಬದಲಿಸುತ್ತದೆ.

ಇನ್ನು ಬಾಲ್ಯ. ಇಂಥ ಪುಸ್ತಕಗಳಲ್ಲಿ ಮುಂದೆ ದೊಡ್ಡವರಾಗುವವರೆಲ್ಲ ಚಿಕ್ಕಂದಿನಲ್ಲಿ ಏನನ್ನಾದರೂ ಬಿಚ್ಚಿ ಹಾಕಲೇಬೇಕು. ಈಕೆ ಐದನೇ ಪುಟದಲ್ಲಿ ಮನೆಯ ಗಡಿಯಾರ ಬಿಚ್ಚುತ್ತಾಳೆ. ಆರನೇ ಪುಟದಲ್ಲಿ ಅದು ಟಿಕ್ ಟಿಕ್ ಎನ್ನುತ್ತದೆ, ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಡುವೆ ಏನಾಯಿತು? ಇಂಜಿನಿಯರಿಂಗ್ ಎಂಬುದೆಲ್ಲ ನಡೆದದ್ದು ಆ ಹಾಳೆ ಮಗುಚುವಷ್ಟರಲ್ಲೇ ಎಂದು ನಾನು ಮಕ್ಕಳ ಮುಂದೆ ಆವೇಶದಿಂದ ವಾದಿಸಿದೆ.

ಸುಶೀಲಮ್ಮನವರ ಮಗಳು ಉಷಾ, ಮೂರನೇ ಕ್ಲಾಸು, ವಾದಿಸಲಿಲ್ಲ. ಮನೆಗೆ ಹೋದಳು. ಗಡಿಯಾರ ಕೈಗೆಟುಕಲಿಲ್ಲ. ಅಮ್ಮ ತರಕಾರಿ ಕೊಂಡು ಬರುವಷ್ಟರಲ್ಲಿ ಎಟುಕಿದ್ದನ್ನು ಬಿಚ್ಚಿದ್ದಳು.

ಎದುರುಮನೆಯ ಪದ್ಮಾವತಮ್ಮ ಸಂಜೆ ಆರತಕ್ಷತೆಗೆ ತೊಡಬೇಕಿದ್ದ ರವಿಕೆ, ಒಂದೇ ತೋಳಿನದಾಗಿ, ಚಾಪೆಯ ಮೇಲೆ ಮಿಷನ್ನಿನ ಭಾಗಗಳ ಪಕ್ಕ ಮಲಗಿತ್ತು. ಕೂಗು ಕೇಳಿ ನಾನು ಓಡಿದೆ.

"ಏನಮ್ಮಾ ನಿನ್ ಪುಸ್ತಕದ ಮಹಿಮೆ! ಸಂಜೆಯೊಳ್ಗೆ ಇದು ಓಡ್ಲಿಲ್ಲ ಅಂದ್ರೆ ಇವ್ಳು ನಿನ್ ವರಾಂಡಕ್ಕೆ ಮತ್ತೆ ಕಾಲಿಡಂಗಿಲ್ಲ, ತಿಳ್ಕೋ!" ಎಂದರು ಸುಶೀಲಮ್ಮ.

ಉಷಾಳ ಕಣ್ಣು ತುಂಬಿತು. ಆ ವರಾಂಡ ಬಿಟ್ಟರೆ ಅವಳಿಗೆ ಪಠ್ಯಪುಸ್ತಕವಲ್ಲದ ಪುಸ್ತಕ ಸಿಗುವ ಬೇರೆ ಜಾಗವಿರಲಿಲ್ಲ. ಧೈರ್ಯ ತುಂಬೋಣವೆಂದು ನಾನು, "ಜಗತ್ತಿನ ಪ್ರತಿಯೊಬ್ಬ ಇಂಜಿನಿಯರೂ..." ಎಂದು ಶುರುಮಾಡಿದೆ.

"ಅಕ್ಕಾ, ಸ್ವಲ್ಪ ಸುಮ್ನಿರು. ಯಾವ್ದು ಎಲ್ಲಿತ್ತು ಅನ್ನೋದು ಮರ್ತೋಗತ್ತೆ."

ಊಟ ಬಿಟ್ಟು ಕೂತಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಿಷನ್ನು ಓಡಿತು. ಒಂದು ಸ್ಕ್ರೂ ಮಾತ್ರ ಚಾಪೆಯ ಮೇಲೇ ಉಳಿಯಿತು. ಜೊತೆಗೆ, ಹೊಲಿಗೆಯ ಅಳತೆ ಬದಲಿಸುವ ಹಿಡಿ ತಲೆಕೆಳಗಾಗಿ ಕೂತಿದ್ದರಿಂದ ಆಚೆಗೆ ಸರಿಯಬೇಕಾದ ಬಟ್ಟೆ ಸುಶೀಲಮ್ಮನವರ ಮಡಿಲಿಗೇ ಬರತೊಡಗಿತು.

"ಅಯ್ಯೋ, ಉಲ್ಟಾ ಹೊಲೀತಿದೆ ಕಣೇ!"

"ಹಂಗಾದ್ರೆ ನೀನ್ ಆ ಕಡೆ ಕೂತ್ಕೋ ಅಮ್ಮ. ನಾನ್ ಈ ಕಡೆಯಿಂದ ತುಳೀತೀನಿ."

ಅಮ್ಮ ಮಗಳು ಸೇರಿ ಮಿಷನ್ನನ್ನು ಗೋಡೆಯ ಬದಿಯಿಂದ ಕೋಣೆಯ ನಡುವಿಗೆ ಎಳೆದರು. ಆಚೆ ಕಡೆ ಕೂತ ಸುಶೀಲಮ್ಮನವರ ಪಾಲಿಗೆ ಬಟ್ಟೆ ಈಗ ನೆಟ್ಟಗೆ ಮುಂದಕ್ಕೆ ಹೋಗುತ್ತಿತ್ತು. ರವಿಕೆ ಕೇಳಲು ಬಂದ ಪದ್ಮಾವತಮ್ಮ ಬಾಗಿಲಲ್ಲೇ ನಿಂತರು.

"ಏನ್ರೀ ಇದು, ಅಮ್ಮ ಮಗಳು ಎದುರುಬದುರು ಕೂತು ಚೌಕಾಬಾರ ಆಡ್ತಿದೀರಾ?"

ಆಡಿದರೋ ಹೊಲಿದರೋ, ಎರಡನೇ ತೋಳು ಬಂತು. ಆರತಕ್ಷತೆಯ ಊಟದಲ್ಲಿ ಹೋಳಿಗೆ ಎರಡನೇ ಸಲ ಬಡಿಸಿಕೊಂಡ ಮೇಲೂ ಹೊಲಿಗೆ ಬಿಡಲಿಲ್ಲವೆಂದು ಸ್ವತಃ ಪದ್ಮಾವತಮ್ಮನವರೇ ಸಾಕ್ಷಿ ನುಡಿದಿದ್ದಾರೆ. ಆದರೂ ಬೀದಿಯವರು ಕೆಟ್ಟಿತು ಎನ್ನುತ್ತಾರೆ. ಒಬ್ಬರ ಯಂತ್ರವನ್ನು ಇಬ್ಬರದಾಗಿ ಮಾಡುವುದಕ್ಕೆ ನನ್ನ ನಿಘಂಟಿನಲ್ಲಿ ಬೇರೆ ಹೆಸರಿದೆ.

ಮುಂದಿನ ಭಾನುವಾರ ವರಾಂಡಕ್ಕೆ ಎಲ್ಲರಿಗಿಂತ ಮೊದಲು ಬಂದವಳು ಉಷಾ. ನಾನು ಹೊಸ ಪುಸ್ತಕ ತೆಗೆದರೆ ಬೇಡವೆಂದು ಹಳೆಯದನ್ನೇ ಎಳೆದುಕೊಂಡಳು. ಆರನೇ ಪುಟ ಬಿಚ್ಚಿ, ಮುಷ್ಟಿಯಲ್ಲಿದ್ದ ಸ್ಕ್ರೂವನ್ನು ಗಡಿಯಾರದ ಪಕ್ಕ ಇಟ್ಟಳು. ಆಮೇಲೆ ಬಗ್ಗಿ, ಚಪ್ಪಾಳೆಗಳ ನಡುವೆ ನಗುತ್ತ ನಿಂತಿದ್ದ ಆ ಪುಟ್ಟ ಹುಡುಗಿಯನ್ನು ಗುಟ್ಟಾಗಿ ಕೇಳಿದಳು:

"ನಿಜ ಹೇಳೇ, ನಿಂಗೆಷ್ಟು ಉಳೀತು?"