ಕಿಟಕಿಯ ಇಪ್ಪತ್ತೊಂದು ಕುಂಡಗಳು

ಹಲ್ಲಿನಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವಳ ಕಟ್ಟಡದವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಅವಳ ಮೂಗಿನ ತುದಿಯಲ್ಲಿ ಇದ್ದದ್ದು ಸಣ್ಣಪುಟ್ಟ ಸಿಡುಕು ಮಾತ್ರ. ಮೆಟ್ಟಿಲ ಮೇಲೆ ಕಸದ ಚೀಲ ಬಿಟ್ಟುಹೋದವರ ಮೇಲೆ, ಲಿಫ್ಟಿನ ಬಾಗಿಲು ಎಳೆಯದೆ ಹೋದವರ ಮೇಲೆ. ನಿಜವಾದ ಕೋಪವನ್ನು ಅವಳು ಐವತ್ತಮೂರು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು. ಅದನ್ನು ಈಚೆಗೆ ತರಿಸಿದ ಪುಣ್ಯಾತ್ಮ ಅವಳ ಸ್ವಂತ ತಮ್ಮ. ಅವನ ವಿಷಯ ಹೇಳುವಾಗ ನನ್ನ ಮಾತು ಖಾರವಾದರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಅವನಿಗೆ ಅಷ್ಟಾದರೂ ಸಲ್ಲಬೇಕು.

ಹಲ್ಲಿನಕ್ಕ ಹಲ್ಲಿನ ಸೆಟ್ ಮಾಡುವವಳು. ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಒಂದು ಚೀಟಿಯ ಜೊತೆ ಕಳಿಸುತ್ತಾರೆ. ಮಾರುಕಟ್ಟೆಯ ಹಿಂದಿನ ನೆಲಮಾಳಿಗೆಯಲ್ಲಿ ಕೂತು ಆ ಅಚ್ಚಿಗೆ ಬಿಳಿ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವುದು ಇವಳ ಕೆಲಸ. ಹದಿನೇಳನೇ ವಯಸ್ಸಿಗೆ ಅಲ್ಲಿ ಸೇರಿದಳು. ಅಪ್ಪ ಎಂದೋ ಮನೆ ಬಿಟ್ಟು ಹೋಗಿದ್ದ, ಅಮ್ಮ ಆ ವರ್ಷ ತೀರಿಕೊಂಡಳು, ತಮ್ಮನಿಗೆ ಇನ್ನೂ ಏಳು. ಅವನಿಗೆ ಅಕ್ಷರ ತಿದ್ದಿಸಿದವಳು, ಓದಿಸಿದವಳು, ಮದುವೆ ಮಾಡಿಸಿದವಳು ಇವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನದೊಂದು ದಾರಿ ಆಗಲಿ" ಎನ್ನುತ್ತಿದ್ದಳು. ಅವನ ದಾರಿ ಆಗುವ ಹೊತ್ತಿಗೆ ಇವಳನ್ನು ಕೇಳುವವರು ನಿಂತುಹೋಗಿದ್ದರು.

ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನಮಗೆ ನಿಮಗೆ ಹಲ್ಲು ಅಂದರೆ ಬಿಳಿ, ಮುಗಿಯಿತು. ಅವಳ ಮೇಜಿನ ಪಟ್ಟಿಯಲ್ಲಿ ಆ ಬಿಳಿಗೇ ಹದಿನಾರು ಬಗೆ. ಟೀ ಕುಡಿಯುವವರ ಬಿಳಿ, ಸಿಗರೇಟಿನವರ ಬಿಳಿ, ಎಪ್ಪತ್ತಾದರೂ ಇಪ್ಪತ್ತರ ಹಲ್ಲು ಬೇಕೆನ್ನುವವರ ಬಿಳಿ. ಒಂದು ಹಲ್ಲು ಪಕ್ಕದ ಹಲ್ಲಿಗಿಂತ ಕೂದಲೆಳೆಯಷ್ಟು ಮಂಕಾದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಈ ಕಣ್ಣೇ ಅವಳ ಮನೆಯ ಕಿಟಕಿಯನ್ನು ಮಾಡಿದ್ದು. ಮನೆ ಎಂದರೆ ಮೂರನೇ ಮಹಡಿಯಲ್ಲಿ ಹತ್ತಡಿಗೆ ಹನ್ನೊಂದಡಿ ಹಾಲ್, ಒಂದು ಅಡುಗೆಮನೆ, ಒಂದು ಬಚ್ಚಲು. ಬಾಡಿಗೆ ಕರಾರು ಅವಳ ಹೆಸರಿನಲ್ಲಿದೆ. ಹಾಲಿಗೆ ಪೂರ್ವಕ್ಕೆ ಒಂದೇ ಒಂದು ಅಗಲವಾದ ಕಿಟಕಿ. ಹನ್ನೊಂದು ವರ್ಷದ ಹಿಂದೆ ಯಾವುದೋ ಕ್ಲಿನಿಕ್ಕಿನವರು ಒಣಗಿದ ಆಫ್ರಿಕನ್ ವಯೊಲೆಟ್ ಗಿಡವೊಂದನ್ನು ಕಸದ ಬುಟ್ಟಿಗೆ ಎಸೆದಿದ್ದರು. ಅದರಲ್ಲಿ ಜೀವವಿದ್ದ ಒಂದೇ ಎಲೆಯನ್ನು ಕಿತ್ತು ತಂದು ಮಣ್ಣಿಗೆ ಚುಚ್ಚಿದಳು. ಎಲೆಯ ಬುಡದಲ್ಲಿ ಇಲಿಯ ಕಿವಿಯಷ್ಟು ಸಣ್ಣ ಎಲೆಗಳು ಹುಟ್ಟಿದವು. ಆಮೇಲೆ ಕಂಡಕಂಡವರ ಹತ್ತಿರ ಒಂದೊಂದು ಎಲೆ ಬೇಡಿ ತಂದಳು. ಕೊನೆಗೆ ಅವು ಇಪ್ಪತ್ತೊಂದು ಕುಂಡಗಳಾದವು.

ಇಷ್ಟು ಚಿಕ್ಕ ಮನೆಯಲ್ಲಿ ಇಪ್ಪತ್ತೊಂದು ಕುಂಡ ಇಡುವುದು ಹೇಗೆ? ಕಿಟಕಿಯ ಅಡ್ಡಕ್ಕೆ ಮೂರು ಗಾಜಿನ ಹಲಗೆ ಹಾಕಿಸಿದಳು, ಮರದ್ದಲ್ಲ. ಮರವಾದರೆ ಮೇಲಿನ ಸಾಲು ಕೆಳಗಿನ ಸಾಲಿನ ಬೆಳಕನ್ನು ತಿಂದುಬಿಡುತ್ತದೆ. ಕುಂಡಗಳು ಮುಷ್ಟಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಬೇರಿಗೆ ಜಾಗ ಹೆಚ್ಚಾದರೆ ವಯೊಲೆಟ್ಟು ಎಲೆ ಬಿಟ್ಟುಕೊಂಡು ಸುಮ್ಮನೆ ಕೂರುತ್ತದೆ, ಹೂ ಬಿಡುವುದಿಲ್ಲ. ಒಂದೊಂದು ಕುಂಡಕ್ಕೂ ಕೆಲಸದಲ್ಲಿ ಉಳಿದ ಪ್ಲಾಸ್ಟರಿನಿಂದ ಬಿಳಿ ಬಟ್ಟಲು ಎರೆದು ವಾರ್ನಿಷ್ ಬಳಿದಿದ್ದಳು. ಬಟ್ಟಲಲ್ಲಿ ನೀರು, ಕುಂಡದ ತೂತಿನಿಂದ ಇಳಿಬಿಟ್ಟ ನೈಲಾನ್ ದಾರ. ಗಿಡ ತನಗೆ ಬೇಕಾದಷ್ಟನ್ನು ಕೆಳಗಿನಿಂದಲೇ ಕುಡಿಯಬೇಕು. ಎಲೆಯ ಮೇಲೆ ಹನಿ ಬೀಳಬಾರದು. ಮಖಮಲ್ಲಿನಂಥ ಆ ರೋಮದ ಮೇಲೆ ತಣ್ಣೀರು ನಿಂತರೆ ಕಲೆ ಬೀಳುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದೊಂದನ್ನೂ ಕಾಲು ಸುತ್ತು ತಿರುಗಿಸುತ್ತಿದ್ದಳು, ಎಲ್ಲ ಕಡೆಯೂ ತಟ್ಟೆಯ ಹಾಗೆ ಗುಂಡಗೆ ಬೆಳೆಯಲೆಂದು. ಬೆಳಕು ಹಿಂದಿರುಗಿ ಗಿಡಗಳ ಒಳಬದಿಗೂ ಬೀಳಲೆಂದು ಎದುರು ಗೋಡೆಗೊಂದು ಕನ್ನಡಿ.

ಇದೆಲ್ಲ ಬೇರೆಯವರೂ ಮಾಡಿಯಾರು. ಬೇರೆಯವರಿಂದ ಆಗದ್ದು ಬಣ್ಣದ ಸಾಲು. ಮೇಲಿನ ಹಲಗೆಯ ಎಡತುದಿಯಲ್ಲಿ ಅಚ್ಚ ಬಿಳಿ. ಅದರ ಪಕ್ಕ ಬಿಳಿಯೋ ಗುಲಾಬಿಯೋ ಹೇಳಲಾಗದ್ದು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು, ಕೆಳಗಿನ ಹಲಗೆಯ ಬಲತುದಿಗೆ ಬಂದರೆ ಕತ್ತಲೆಯಂಥ ನೇರಳೆ. ಯಾವ ಎರಡು ಕುಂಡದ ನಡುವೆ ಬಣ್ಣ ಬದಲಾಯಿತೆಂದು ಬೆರಳು ಇಟ್ಟು ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಿಸಿಲು ಬಿದ್ದಾಗ ಆ ಹತ್ತಡಿ ಕೋಣೆ ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತಿತ್ತು. ತನ್ನದು ಅಂತ ಅವಳಿಗೆ ಲೋಕದಲ್ಲಿ ಇದ್ದದ್ದು ಅದೊಂದೇ.

ಅಂಥ ಮನೆಗೆ ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. "ಅಕ್ಕಾ, ಒಂದೇ ಒಂದು ತಿಂಗಳು. ನಮ್ಮನೆ ಪೈಪೆಲ್ಲ ಒಡೆಸ್ತಿದೀವಿ" ಅಂದ. ಅಕ್ಕ ಹಾಲ್ ಅವರಿಗೆ ಬಿಟ್ಟುಕೊಟ್ಟು ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡಳು. ಒಂದು ತಿಂಗಳು ಒಂಬತ್ತು ತಿಂಗಳಾಯಿತು.

ಅವನ ಹೆಂಡತಿ ಒಂದು ಪೀಠೋಪಕರಣದ ಶೋರೂಮಿನಲ್ಲಿ ಸೋಫಾ, ಮಂಚ ಜೋಡಿಸಿ ಅಲಂಕಾರ ಮಾಡುವವಳು. ಕೆಟ್ಟವಳು ಅನ್ನಲಾರೆ. ಸುಮ್ಮನೆ ಕೂರಲಾರದವಳು, ಅದು ಇನ್ನೂ ಅಪಾಯ. ಬಂದ ವಾರದಲ್ಲೇ ಕಿಟಕಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅತ್ತಿಗೆ, ಒಂದೇ ಕಡೆ ಗುಂಪು ಹಾಕಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಮನೆ ತುಂಬಾ ಹರಡ್ಬೇಕು" ಎಂದಿದ್ದಳು.

"ಮುಟ್ಬೇಡ" ಎಂದಿದ್ದಳು ಹಲ್ಲಿನಕ್ಕ. ತಮ್ಮ ಅಲ್ಲೇ ಇದ್ದ. ಎಲೆ ಮುಟ್ಟಬಾರದು, ನೀರು ಸಿಂಪಡಿಸಬಾರದು, ಜಾಗ ಬದಲಿಸಬಾರದು ಎಂದು ಅಕ್ಕ ಹೇಳುವುದನ್ನು ಅವನು ಸಾವಿರ ಸಲ ಕೇಳಿದ್ದ.

ಐದನೇ ತಿಂಗಳಲ್ಲಿ ಒಂದು ವಿಷಯ ನಡೆಯಿತು. ಕೆಲಸದ ಮೇಜಿಗೆ ಒಂದು ಮೇಲ್ದವಡೆಯ ಅಚ್ಚು ಬಂತು. ಜೊತೆಗಿದ್ದ ಚೀಟಿಯಲ್ಲಿ ರೋಗಿಯ ಹೆಸರು, ಹಲ್ಲಿನ ಬಣ್ಣದ ನಂಬರು, ವಿಳಾಸ. ವಿಳಾಸ ತಮ್ಮನ ಮನೆಯದೇ! ಬಾಗಿಲ ನಂಬರು ಸಮೇತ. ಅಂದರೆ ಪೈಪು ಎಂದೋ ಸರಿಹೋಗಿದೆ, ಮನೆಯನ್ನು ಬಾಡಿಗೆಗೆ ಕೊಟ್ಟಾಗಿದೆ, ಅಲ್ಲಿ ಯಾರೋ ಹಲ್ಲಿಲ್ಲದ ಮನುಷ್ಯ ಆರಾಮಾಗಿ ಕಾಲು ಚಾಚಿ ಮಲಗುತ್ತಿದ್ದಾನೆ, ಇವಳು ಗ್ಯಾಸ್ ಸಿಲಿಂಡರಿಗೆ ಕಾಲು ತಾಕಿಸಿಕೊಂಡು ಮುದುರಿ ಮಲಗುತ್ತಿದ್ದಾಳೆ. ಅವಳು ಆ ಮನುಷ್ಯನಿಗೆ ಒಳ್ಳೆಯ ಸೆಟ್ ಮಾಡಿಕೊಟ್ಟಳು. ಮನೆಗೆ ಬಂದು ತುಟಿ ಪಿಟಕ್ಕೆನ್ನಲಿಲ್ಲ. ತಮ್ಮನೇ ಬಾಯಿಬಿಟ್ಟು ಹೇಳಲಿ ಎಂದು ಒಂದು ದಿನ ಕಾದಳು, ಒಂದು ವಾರ ಕಾದಳು, ನಾಲ್ಕು ತಿಂಗಳು ಕಾದಳು. ಇದನ್ನು ನೆನೆದರೆ ನನಗೆ ತಮ್ಮನಿಗಿಂತ ಅವಳ ಮೇಲೇ ಸಿಟ್ಟು ಬರುತ್ತದೆ. ಅವಳಿಗೂ ತನ್ನ ಮೇಲೆ ಬಂದಿತ್ತು.

ಒಂಬತ್ತನೇ ತಿಂಗಳ ಒಂದು ಶನಿವಾರ ಕೆಲಸದ ಜಾಗದಲ್ಲಿ ಪಾಲಿಶ್ ಮಾಡುವ ಮೋಟಾರು ಸುಟ್ಟುಹೋಗಿ ಮೂರು ಗಂಟೆಗೇ ಎಲ್ಲರನ್ನೂ ಕಳಿಸಿಬಿಟ್ಟರು. ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಗುರುತಿಲ್ಲದ ಎರಡು ಜೊತೆ ಚಪ್ಪಲಿ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಕಿಟಕಿ ಖಾಲಿ. ಮೂರು ಗಾಜಿನ ಹಲಗೆಯ ಮೇಲೆ ಮೂರು ಪಿಂಗಾಣಿ ಬಾತುಕೋಳಿ ಕೂತಿದ್ದವು. ಬಿಳಿ ವಯೊಲೆಟ್ಟು ಟಿವಿಯ ನೆತ್ತಿಯ ಮೇಲಿತ್ತು. ಮೂರು ಗುಲಾಬಿ ಕುಂಡ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಎರಡು ಫ್ರಿಜ್ಜಿನ ಮೇಲೆ, ಕಡುನೇರಳೆ ಬಚ್ಚಲ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಪ್ಲಾಸ್ಟರ್ ಬಟ್ಟಲುಗಳನ್ನು ತೆಗೆದು ಹೊಂಬಣ್ಣದ ಕಾಗದ ಸುತ್ತಿದ್ದರು. ಅದನ್ನೂ ಸಹಿಸಬಹುದಿತ್ತೇನೋ. ಆದರೆ ಎಲೆಗಳು ಹೊಳೆಯುತ್ತಿದ್ದವು. ಇಪ್ಪತ್ತೊಂದು ಗಿಡದ ಒಂದೊಂದು ಎಲೆಯೂ ಹೊಳೆಯುತ್ತಿತ್ತು, ಅಂಟಿಕೊಂಡ ರೋಮದ ಮೇಲೆ ಎಣ್ಣೆಯ ಹನಿ ನಿಂತಿತ್ತು. ಶೋರೂಮಿನ ಪ್ಲಾಸ್ಟಿಕ್ ಗಿಡಗಳಿಗೆ ಹೊಳಪು ಬರಲೆಂದು ಎಣ್ಣೆ ಒರೆಸುವುದು ನಾದಿನಿಯ ವಾಡಿಕೆ. ಆ ಪ್ರತಾಪವನ್ನು ಇಲ್ಲಿ ತೋರಿಸಿದ್ದಳು. ಅಡುಗೆ ಎಣ್ಣೆಯ ಬಟ್ಟಲು ಮತ್ತು ಹತ್ತಿಯ ಉಂಡೆ ಇನ್ನೂ ತಮ್ಮನ ಕೈಯಲ್ಲೇ ಇದ್ದವು.

ಬಂದಿದ್ದವರು ಬಡಾವಣೆಯ ಸಂಘದ ಇಬ್ಬರು, 'ಚಿಕ್ಕ ಮನೆ, ಚೆಂದದ ಮನೆ' ಸ್ಪರ್ಧೆಯ ತೀರ್ಪುಗಾರರು. ಒಬ್ಬರು ನಿವೃತ್ತ ಟೀಚರಮ್ಮ, ಕೈಯಲ್ಲಿ ಅರ್ಜಿಗಳನ್ನು ಸಿಕ್ಕಿಸಿದ ರಟ್ಟು. ಇನ್ನೊಬ್ಬರು ಪೇಂಟ್ ಅಂಗಡಿಯವರು.

"ಏನ್ ಶೈನಿಂಗು ಮೇಡಂ! ನಮ್ ಎನಾಮೆಲ್ಲಿಗೂ ಇಷ್ಟು ಬರಲ್ಲ" ಎಂದು ಅಂಗಡಿಯವರು ನಾದಿನಿಗೆ ಹೇಳುತ್ತಿದ್ದರು. ನಾದಿನಿ ನಾಚಿಕೊಂಡು, "ದಿನಾ ಒಂದೊಂದು ಎಲೆನೂ ಕೈಯಾರೆ ಒರೆಸ್ತೀನಿ ಸಾರ್" ಎಂದಳು.

ಟೀಚರಮ್ಮ ಬಾಗಿಲಲ್ಲಿ ನಿಂತವಳನ್ನು ನೋಡಿದರು, ರಟ್ಟಿನ ಮೇಲಿನ ಅರ್ಜಿಯನ್ನು ನೋಡಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಬನ್ನಿ ಅಮ್ಮಾ. ಇಲ್ಲಿ 'ಅವಲಂಬಿತರು, ಒಬ್ಬರು, ಗಂಡನ ಅಕ್ಕ' ಅಂತಿದೆಯಲ್ಲ, ಅದು ನೀವೇನಾ?"

ಹಲ್ಲಿನಕ್ಕ ಹತ್ತಿರ ಹೋಗಿ ಕಾಗದ ನೋಡಿದಳು. ಮನೆಯ ಯಜಮಾನ ಎಂಬಲ್ಲಿ ತಮ್ಮನ ಹೆಸರು. ಅಲಂಕಾರ ಮಾಡಿದವರು ಎಂಬಲ್ಲಿ ನಾದಿನಿಯ ಹೆಸರು. ಅವಲಂಬಿತರು ಎಂಬಲ್ಲಿ ಇವಳು, ಹೆಸರೂ ಇಲ್ಲ. ಅಕ್ಷರ ನಾದಿನಿಯದಲ್ಲ. ಆ ದುಂಡನೆಯ ಅಕ್ಷರವನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಸ್ಲೇಟು ಹಿಡಿದು, ಪುಟ್ಟ ಕೈಯ ಮೇಲೆ ತನ್ನ ಕೈಯಿಟ್ಟು ತಿದ್ದಿಸಿದವಳು ಅವಳೇ ತಾನೆ. ಪಿತ್ತ ನೆತ್ತಿಗೇರುವುದು ಎಂದರೇನೆಂದು ಅವಳಿಗೆ ಆಗ ಗೊತ್ತಾಯಿತು.

"ಈ ಗಿಡ ಬೆಳೆಸಿದ್ದು ಯಾರೋ?" ಎಂದು ತಮ್ಮನನ್ನು ಕೇಳಿದಳು.

ತಮ್ಮ ಹೆಂಡತಿಯ ಮುಖ ನೋಡಿದ, ತೀರ್ಪುಗಾರರ ಮುಖ ನೋಡಿದ. ಎಣ್ಣೆ ಬಟ್ಟಲನ್ನು ಬೆನ್ನ ಹಿಂದೆ ಸರಿಸಿದ. "ಎಲ್ಲಾ ಸೇರಿ ಬೆಳೆಸಿದ್ದಲ್ವಾ ಅಕ್ಕಾ... ಮನೆ ಅಂದ್ಮೇಲೆ..." ಎಂದು ಎಳೆದ.

ಒಂದೇ ಒಂದು ಸಲ "ನೀನು" ಎಂದಿದ್ದರೆ ಸಾಕಿತ್ತು. ಎಣ್ಣೆಯನ್ನೂ ಬಾತುಕೋಳಿಯನ್ನೂ ಹಲ್ಲಿಲ್ಲದ ಬಾಡಿಗೆದಾರನನ್ನೂ ಅವಳು ನುಂಗಿಕೊಂಡುಬಿಡುತ್ತಿದ್ದಳು. ನುಂಗಿ ಅಭ್ಯಾಸವಿತ್ತು.

ಅವಳು ಟೀಚರಮ್ಮನ ಕೈಯಿಂದ ಪೆನ್ನು ಇಸಿದುಕೊಂಡಳು. ಯಜಮಾನ ಎಂಬಲ್ಲಿದ್ದ ಹೆಸರನ್ನು ಹೊಡೆದುಹಾಕಿ ತನ್ನ ಹೆಸರು ಬರೆದಳು. ಅವಲಂಬಿತರು ಎಂಬ ಸಾಲನ್ನು ಪೂರ್ತಿ ಹೊಡೆದಳು. ಕೆಳಗೆ ಖಾಲಿ ಜಾಗವಿತ್ತು. ಅಲ್ಲಿ, 'ಅತಿಥಿಗಳು, ಇಬ್ಬರು, ಇವತ್ತು ಹೊರಡುತ್ತಾರೆ' ಎಂದು ಬರೆದು ರಟ್ಟನ್ನು ವಾಪಸ್ಸು ಕೊಟ್ಟಳು. "ಸ್ಪರ್ಧೆಯಿಂದ ಈ ಮನೆ ತೆಗೆದುಹಾಕ್ಬಿಡಿ ಟೀಚರ್. ನೋಡೋಕೆ ಏನೂ ಉಳಿದಿಲ್ಲ. ನೀವಿನ್ನು ಹೊರಡಿ."

ಟೀಚರಮ್ಮ ಓದಿಕೊಂಡರು, ಅವಳ ಭುಜ ಮುಟ್ಟಿ ಹೊರಟರು. ಪೇಂಟ್ ಅಂಗಡಿಯವರಿಗೆ ಚಪ್ಪಲಿ ಹಾಕಿಕೊಳ್ಳುವಷ್ಟೂ ವ್ಯವಧಾನವಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದರು.

"ಹೊರಗಿನವರ ಎದುರಿಗೆ ಮಾನ ಕಳೆದ್ರಲ್ಲ ಅತ್ತಿಗೆ! ಚೆನ್ನಾಗಿ ಕಾಣ್ಲಿ ಅಂತ ತಾನೆ ಮಾಡಿದ್ದು?" ಎಂದಳು ನಾದಿನಿ. ಅಳು ಬಂದಿತ್ತು.

"ಚೆನ್ನಾಗೇ ಇತ್ತು ಕಣಮ್ಮಾ. ನೀನು ಕಣ್ಣುಬಿಟ್ಟು ನೋಡ್ಲಿಲ್ಲ ಅಷ್ಟೇ" ಎಂದಳು ಹಲ್ಲಿನಕ್ಕ.

"ಈಗಿಂದೀಗ ಎಲ್ಲಿಗೆ ಹೋಗೋಣ ಅಕ್ಕಾ?" ತಮ್ಮ ರಾಗ ಎಳೆದ. "ಆ ಪೈಪು ಇನ್ನೂ..."

"ಪೈಪಂತೆ ಪೈಪು!" ಅವಳ ದನಿಗೆ ಎದುರು ಮನೆಯ ಬಾಗಿಲು ತೆರೆದುಕೊಂಡಿತು. "ನಿನ್ನ ಬಾಡಿಗೆದಾರನಿಗೆ ಹಲ್ಲು ಕಟ್ಟಿಕೊಟ್ಟವಳು ನಾನು ಕಣೋ. ನಾಲ್ಕು ತಿಂಗಳಾಯ್ತು. ದಿನಾ ನಿನ್ನ ಮುಂದೆ ತಟ್ಟೆ ಇಡುವಾಗ್ಲೂ ಅಂದ್ಕೊತಿದ್ದೆ, ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ. ಆ ಬಾಡಿಗೆದಾರನ ಜೊತೆ ಏನು ಮಾಡ್ಕೋತೀಯೋ ಮಾಡ್ಕೋ. ಹೋಟೆಲಿಗೆ ಹೋಗು, ಮಾವನ ಮನೆಗೆ ಹೋಗು. ಇಲ್ಲಿಂದ ಎದ್ದೇಳು."

ನಾದಿನಿ ಗಂಡನ ಮುಖವನ್ನೊಮ್ಮೆ ನೋಡಿ, ಸೂಟ್‌ಕೇಸ್ ಎಳೆದು ಬಟ್ಟೆ ತುಂಬತೊಡಗಿದಳು. ಹಲ್ಲಿನಕ್ಕ ಇಪ್ಪತ್ತೊಂದು ಕುಂಡಗಳನ್ನೂ ಅಡುಗೆಮನೆಗೆ ಸಾಗಿಸಿದಳು. ನೀರನ್ನು ಉಗುರುಬೆಚ್ಚಗೆ ಮಾಡಿ, ಎರಡು ಹನಿ ಸೋಪು ಹಾಕಿ, ಕೆಲಸದಲ್ಲಿ ಹಲ್ಲಿನ ಸೆಟ್ ಉಜ್ಜುವ ಮೆತ್ತನೆಯ ಬ್ರಷ್ಷಿನಿಂದ ಎಲೆಗಳನ್ನು ಒಂದೊಂದಾಗಿ ತೊಳೆಯುತ್ತಾ ಕೂತಳು. ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೈ ಮೆತ್ತಗೆ ಆಡುತ್ತಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಕೋಪ ಮಾತ್ರ ಒಂದು ಚೂರೂ ಇಳಿದಿರಲಿಲ್ಲ.

ತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೋಗುವಾಗ ಒಂದು ಚುಚ್ಚದೆ ಹೋಗುವ ಪೈಕಿ ಅವನಲ್ಲ.

"ಅಂತೂ ಕೊನೆಗೆ ನಿನಗೆ ನಮಗಿಂತ ಈ ಗಿಡಗಳೇ ಹೆಚ್ಚಾದ್ವು, ಅಲ್ವಾ ಅಕ್ಕಾ?"

ಹಲ್ಲಿನಕ್ಕ ಬ್ರಷ್ಷು ಕೆಳಗಿಟ್ಟಳು. ತಲೆ ಎತ್ತಿ ಅವನನ್ನು ನೆಟ್ಟಗೆ ನೋಡಿದಳು.

"ಗಿಡ ಅಲ್ಲ ಕಣೋ. ನಾನು. ನಿನಗಿಂತ ನಾನು ಹೆಚ್ಚಾದೆ ನನಗೆ. ಇಷ್ಟು ವರ್ಷದಲ್ಲಿ ಇವತ್ತು ಒಂದು ದಿನ."

ತಮ್ಮ ಬಗ್ಗಿ ಸೂಟ್‌ಕೇಸ್ ಎತ್ತಿಕೊಂಡ.