ತಂತಿ ಫಾರಂನಲ್ಲಿ ಹೊಡೆದುಹಾಕಿದ ‘ಅಲೆಜೆಡ್ಲಿ’

1986ರ ಆಗಸ್ಟ್‌ನಲ್ಲಿ ಸಿಂಧನೂರಿನ ತಂತಿ ಕಚೇರಿಯಿಂದ ನಾನು ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಕಳುಹಿಸಿದ ಸುದ್ದಿಯಿಂದ ಒಬ್ಬ ಲಸ್ಕರ್ ಅಮಾನತಾದ. ಕಾಲುವೆಯ ತೂಬು ನೋಡಿಕೊಳ್ಳುವವನನ್ನು ನಮ್ಮಲ್ಲಿ ಲಸ್ಕರ್ ಎನ್ನುತ್ತಾರೆ. ಜವಳಗೇರಾ ಕಡೆಯ ಆತ ಕೆಳಗಿನ ಹೊಲಗಳ ಪಾಳಿಯ ನೀರನ್ನು ಮೇಲಿನವರಿಗೆ ಬಿಟ್ಟ ಎಂಬುದು ಸುದ್ದಿ. ಹೇಳಿದವನು ಕೆಳಗಿನ ಊರಿನ ಒಬ್ಬ ಮುಖಂಡ. ನೀರು ಬಿಟ್ಟದ್ದು ಒಮ್ಮೆ ಬೆಳಿಗ್ಗೆ ಎಂದ, ಇನ್ನೊಮ್ಮೆ ಮಧ್ಯಾಹ್ನ ಎಂದ. ನನಗೆ ನಂಬಿಕೆ ಬರಲಿಲ್ಲ. ಅದಕ್ಕೇ ‘ಅಲೆಜೆಡ್ಲಿ’ ಎಂದು ಸೇರಿಸಿದೆ: ಯಾರೋ ಆರೋಪಿಸುತ್ತಾರೆ, ಸಾಬೀತಾಗಿಲ್ಲ ಎಂದರ್ಥ.

ಗುಮಾಸ್ತ ಆ ಪದದ ಮೇಲೆ ಪೆನ್ಸಿಲ್ ಇಟ್ಟ.

“ಇದೇನ್ರೀ?”

“ನಾ ಕಣ್ಣಾರೆ ನೋಡಿಲ್ಲ ಅಂತ.”

“ನೋಡಿಲ್ಲಂದ್ರ ತಾರು ಯಾಕ ಹೊಡೀತೀರಿ? ಒಂದು ಕಾರ್ಡ್ ಹಾಕ್ರಿ, ಅದು ಮುಟ್ಟೂದ್ರಾಗ ನೋಡಿ ಬರಬಹುದು.”

ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು; ಹಾಗಾಗಿ ಸಣ್ಣಪುಟ್ಟ ಪದಗಳನ್ನು ನಾವು ವರದಿಗಾರರು ಬಿಡುವುದು, ಪತ್ರಿಕೆಯ ಡೆಸ್ಕಿನವರು ತುಂಬಿಕೊಳ್ಳುವುದು ರೂಢಿ. ನಗೆಪಾಟಲಾದ ಸಿಟ್ಟಿನಲ್ಲಿ ಆ ಪದವನ್ನೂ ಹೊಡೆದುಹಾಕಿದೆ. ಡೆಸ್ಕಿನವರು ಉಳಿದೆಲ್ಲ ತುಂಬಿದರು, ಅದೊಂದನ್ನು ತುಂಬಲಿಲ್ಲ.

ಹದಿನೈದು ದಿನಕ್ಕೆ ಲಸ್ಕರ್ ಪತ್ರಿಕೆಯ ತುಣುಕು ಹಿಡಿದು ಮನೆಗೆ ಬಂದ.

“ನೀವು ಬಂದು ನೋಡೀರೇನ್ರೀ ಸಾಹೇಬ್ರ?”

“ಇಲ್ಲ.”

“ನಾ ಅಲ್ಲೇ ಇದ್ದೆ. ನನ್ನ ಒಂದು ಮಾತು ಕೇಳಬೇಕಿತ್ತಿಲ್ಲ? ಈಗ ವಿಚಾರಣಿಗೆ ಇದೊಂದನ್ನ ಹಚ್ಚ್ಯಾರ. ಬ್ಯಾರೆ ಸಾಕ್ಷಿ ಇಲ್ಲ, ನೌಕರಿ ಹೋಗತದ.”

ಅವನನ್ನೂ ನಾನು ಪೂರ್ತಿ ನಂಬಲಿಲ್ಲ. ಆದರೆ ಫಾರಂನ ಕಾರ್ಬನ್ ಪ್ರತಿ ನನ್ನ ಬಳಿ ಇತ್ತು, ಗೀಟು ಹೊಡೆದ ಪದವೂ ಅದರಲ್ಲಿ ಕಾಣುತ್ತಿತ್ತು. ಅದನ್ನು ಲಿಂಗಸುಗೂರಿನಲ್ಲಿ ನಡೆದ ನೀರಾವರಿ ಇಲಾಖೆಯ ವಿಚಾರಣೆಗೆ ಒಯ್ದೆ.

ಅಧಿಕಾರಿ ಪದದ ಅರ್ಥ ಕೇಳಿದರು, ಎಲ್ಲಿಂದ ಬಂದದ್ದೆಂದೂ ಕೇಳಿದರು. ನಾನು ನಿಘಂಟು ನೋಡಿಕೊಂಡೇ ಹೋಗಿದ್ದೆ. ಅದರ ಬೇರು ಹಳೆಯ ಫ್ರೆಂಚಿನ ನ್ಯಾಯಾಲಯದ ಮಾತು; ಮೊದಲು ಅದಕ್ಕೆ ಆಪಾದನೆಯಿಂದ ಬಿಡಿಸು ಎಂಬ ಅರ್ಥವಿತ್ತು.

“ಈಗ?”

“ಈಗ ಇನ್ನೊಬ್ಬರ ಮ್ಯಾಲ ಆಪಾದನೆ ಬರೆದು ತಾವು ಪಾರಾಗಾಕ ಪತ್ರಿಕೆಯವ್ರು ಬಳಸ್ತಾರ್ರಿ.”

“ನೀವು ಅದನ್ನೂ ಬಳಸಿಲ್ಲ.”

“ಇಲ್ರಿ.”

“ಬರದು ಸಹಿ ಮಾಡ್ರಿ.”

ಕಣ್ಣಾರೆ ನೋಡಿರಲಿಲ್ಲ, ಆ ಪದವನ್ನು ನಾನೇ ಹೊಡೆದುಹಾಕಿದೆ ಎಂದು ಬರೆದುಕೊಟ್ಟೆ. ಲಸ್ಕರ್‌ನನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಮಸ್ಕಿ ಕಡೆಗೆ ವರ್ಗ ಮಾಡಿದರು. ಪತ್ರಿಕೆ ತಿದ್ದುಪಡಿ ಹಾಕಲಿಲ್ಲ. ಆ ದೀಪಾವಳಿಯ ನಂತರ ನನ್ನಿಂದ ಸುದ್ದಿ ತರಿಸಿಕೊಳ್ಳಲೂ ಇಲ್ಲ. 1993ರಲ್ಲಿ ಮಸ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವನು ಇನ್ನೂ ಕೆಲಸದಲ್ಲಿದ್ದ. ಆ ದಿನ ನೀರು ಬಿಟ್ಟಿದ್ದನೇ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.