ಖಾನಾಪುರದ ಲಗ್ನಕ್ಕೆ ಹೋದ ಸಿಂಥಸೈಜರ್

ಸಿಂಥಸೈಜರ್ ಬೆಳಗಾವಿಯ ಅನಗೋಳಕ್ಕೆ ಬಂದದ್ದು ಒಂದು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು. ಎಂಬತ್ತರ ದಶಕದ ನಡುವಿನ ವರ್ಷಗಳು. ನಮ್ಮ ಆರ್ಕೆಸ್ಟ್ರಾದ ಮಾಲಕರು ಅಲ್ಲಿ ದರ್ಜಿ ಅಂಗಡಿ ಇಟ್ಟಿದ್ದರು. ಉಳಿದ ದಿನಗಳಲ್ಲಿ ಸಫಾರಿ ಸೂಟು ಹೊಲಿಯುವರು, ಲಗ್ನದ ಹಂಗಾಮಿನಲ್ಲಿ ಅಕಾರ್ಡಿಯನ್ ಹೆಗಲಿಗೇರಿಸುವರು. ನಾನು ಬೆಳಗಾವಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ರಜೆಯ ದಿನ ಅವರ ತಂಡದಲ್ಲಿ ಹಾರ್ಮೋನಿಯಂ. ಹಾಡಲು ಒಬ್ಬ ಅಕ್ಕ ಇದ್ದರು. ಢೋಲಕಿಗೆ ಚಾಚಾ. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಹಿರಿಯರು, ಆರ್ಕೆಸ್ಟ್ರಾ ಶುರುವಾದ ದಿನದಿಂದ ಇದ್ದವರು. ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ ಗೋವಾದ ಹೋಟೆಲಿಗೆ ಸೇರಿಕೊಂಡ ಮೇಲೆ ಆ ಜಾಗ ಖಾಲಿ ಇತ್ತು. ಹಾಡಿನ ಅಡಿಗೆ ದಪ್ಪ ಸ್ವರದ ಬೇಸ್ ಇಲ್ಲದ ಆರ್ಕೆಸ್ಟ್ರಾವನ್ನು ಲಗ್ನಕ್ಕೆ ಯಾರೂ ಕರೆಯುತ್ತಿರಲಿಲ್ಲ. ಕೈಯಲ್ಲಿ ಉಳಿದದ್ದು ಮುಂಚೆಯೇ ಒಪ್ಪಿಕೊಂಡಿದ್ದ ಖಾನಾಪುರದ ಒಂದು ಲಗ್ನ. ಅದೇ ಹುಡುಗ ಗೋವಾದಲ್ಲಿ ಯಾರೋ ಮಾರಲಿಟ್ಟಿದ್ದ ಈ ಯಂತ್ರವನ್ನು ಹುಡುಕಿ ಕೊಡಿಸಿದ್ದ. ಹೊಸ ಬೇಸ್ ಗಿಟಾರ್ ಮತ್ತು ಅದರ ಆಂಪ್ಲಿಫೈಯರಿಗಿಂತ ಅಗ್ಗವಾಗಿಯೇ ಸಿಕ್ಕಿತ್ತು.

ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಕಂಕುಳಲ್ಲಿ ಇಟ್ಟುಕೊಂಡು ನಡೆಯಬಹುದಾದಷ್ಟು ಹಗುರ. ಟಾರ್ಚಿನ ಸೆಲ್ ಹಾಕಿದರೆ ಕರೆಂಟೂ ಬೇಡ. ಕೆಳಗೆ ಹಾರ್ಮೋನಿಯಂನಲ್ಲಿರುವಂಥ ಕಪ್ಪು ಬಿಳಿ ಮನೆಗಳು, ಮೇಲೆ ಸಾಲಾಗಿ ಜಾರುಗುಂಡಿಗಳು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಅದನ್ನು ಮೊದಲು ಮುಟ್ಟಿದವನೂ ನಾನೇ.

ತಂಡದ ಸ್ಪೀಕರಿಗೆ ಜೋಡಿಸಿದಾಗ ಅದರ ಮೊದಲ ಸ್ವರ ಅಂಗಡಿಯ ಗಾಜಿನ ಕಪಾಟನ್ನು ಅದುರಿಸಿತು. ಮಾಲಕರು ಕಪಾಟಿಗೆ ಕೈ ಒತ್ತಿ ಹಿಡಿದರು. ಒಂದು ಜಾರುಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ. ಕಂಬಳಿಯ ಕೆಳಗಿನಿಂದ ಬರುತ್ತಿದ್ದಂತಿದ್ದ ಸ್ವರ ಮುಸುಕು ತೆಗೆದು ಎದ್ದು ನಿಂತಿತು. ಇನ್ನೂ ಸರಿಸಿದರೆ ತಗಡಿನ ಮೇಲೆ ಮೊಳೆ ಎಳೆದಂತೆ ಹರಿತವಾಯಿತು. ಅದೇ ಸ್ವರ, ಅದೇ ಬೆರಳು. ಬೆರಳು ಎತ್ತಲು ನನಗೆ ಮನಸ್ಸೇ ಬರಲಿಲ್ಲ.

ಅದಕ್ಕಿಂತ ದೊಡ್ಡ ಸೋಜಿಗ ಅದರ ನೆನಪು. ಒಂದು ಗುಂಡಿ ಒತ್ತಿ, ಸ್ವರಗಳನ್ನು ಒಂದೊಂದಾಗಿ, ನಮಗೆ ಬೇಕಾದಷ್ಟು ನಿಧಾನವಾಗಿ ಹೇಳಿಕೊಡಬೇಕು. ಇನ್ನೊಂದು ಗುಂಡಿ ಒತ್ತಿದರೆ ಅಷ್ಟನ್ನೂ ತಾನೇ ನುಡಿಸುತ್ತದೆ, ಒಂದೇ ವೇಗದಲ್ಲಿ, ಮತ್ತೆ ಮತ್ತೆ. ಹಾರ್ಮೋನಿಯಂ, ಅಕಾರ್ಡಿಯನ್ ಎರಡಕ್ಕೂ ಎರಡೆರಡು ಕೈ ಬೇಕು. ನಮ್ಮಲ್ಲಿ ಬಿಡುವಿನ ಕೈ ಯಾರಿಗೂ ಇರಲಿಲ್ಲ. ಈ ಪೆಟ್ಟಿಗೆಗೆ ಕೈಯೇ ಬೇಡ. ನಾವು ಸುಮ್ಮನೆ ಕುಳಿತಿರಲು ಅದು ಅಂಗಡಿಯಲ್ಲಿ ಒಬ್ಬಂಟಿಯಾಗಿ ಬೇಸ್ ನುಡಿಸಿತು. ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಅಳತೆ ಮರೆತು ಹೊಸ್ತಿಲಲ್ಲೇ ನಿಂತುಬಿಟ್ಟ.

ಮಾಲಕರು ಆ ದಿನವೇ ಮಾತು ತೆಗೆದರು.

"ಲಯಾನೂ ಇದ ಹಿಡೀತೈತಿ. ಬಾಜೂಕ ಅಕ್ಕಾರು ಒಂದು ಖಂಜರಿ ಹಿಡದ್ರ ಸಾಕು. ಖಾನಾಪುರದ ಲಗ್ನ ಪಾಸಾಗ್ಲಿ, ಮುಂದ ಢೋಲಕಿ ಬೇಕೋ ಬ್ಯಾಡೋ ನೋಡೂಣು."

ಚಾಚಾ ಅಲ್ಲೇ ಸ್ಟೂಲಿನ ಮೇಲಿದ್ದರು. ಲಗ್ನದ ಹಂಗಾಮು ಬಿಟ್ಟರೆ ಅವರಿಗೆ ಬೇರೆ ಸಂಪಾದನೆ ಇರಲಿಲ್ಲ. ಆದರೂ ಅವರು ನನ್ನ ಕಡೆ ಬಾಗಿ ಕೇಳಿದರು: "ಪೇಪರ್ ಸಾಹೇಬ್ರ, ಆ ಗುಂಡಿ ಇನ್ನೊಮ್ಮೆ ಮ್ಯಾಲ ಎಳೀರಿ. ಆ ಧ್ವನಿ ಎಲ್ಲಿಂದ ಬರ್ತೈತಿ ನೋಡೂಣು."

ಖಾನಾಪುರಕ್ಕೆ ನಾವು ಮುಂಜಾನೆಯ ಬಸ್ಸಿಗೆ ಹೋದೆವು. ಪೆಟ್ಟಿಗೆ ನನ್ನ ತೊಡೆಯ ಮೇಲೆ, ಹೆಡ್‌ಫೋನು ಚಾಚಾನ ಕಿವಿಯಲ್ಲಿ. ಬಸ್ಸಿನ ಸದ್ದಿನಲ್ಲಿ ಅವರೊಬ್ಬರಿಗೇ ಬೇಸ್ ಕೇಳುತ್ತಿತ್ತು. ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿಯ ಮೇಲೆ ಎರಡೂ ಕೈಯಿಂದ ಢೋಲಕಿ ಬಾರಿಸತೊಡಗಿದರು. ಆ ಸೀಟಿನಲ್ಲಿ ತರಕಾರಿ ಬುಟ್ಟಿ ಹಿಡಿದು ಕುಳಿತ ಮುದುಕಿ ತಿರುಗಿ ನೋಡಿದಳು.

"ಯಾಕೋ ಯಪ್ಪಾ, ಮೈಯಾಗ ಏನರ ಬಂದೈತೇನು?"

ಚಾಚಾ ಹೆಡ್‌ಫೋನು ತೆಗೆದು ಅವಳ ಕಿವಿಗೆ ಹಿಡಿದರು. ಅವಳು ಸ್ವಲ್ಪ ಹೊತ್ತು ಗಂಭೀರವಾಗಿ ಕೇಳಿದಳು. "ಹಸದ ಎಮ್ಮಿ ಹೊಟ್ಟಿ ಗುಡುಗಿದಂಗ ಅಕ್ಕೈತಿ" ಅಂದಳು. ಆದರೂ ಹೆಡ್‌ಫೋನು ತಿರುಗಿ ಕೊಡಲಿಲ್ಲ. ಹಿಂದಿನ ಸೀಟಿನವರು ಕೈ ಚಾಚಿದರು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಮರಾಠಿಯಲ್ಲಿ, ಇದಕ್ಕೂ ಅರ್ಧ ಟಿಕೆಟ್ ತೆಗೆಸಬೇಕಾಗುತ್ತದೆ ಎಂದು ತಮಾಷೆ ಮಾಡಿ ತಾನೂ ಒಂದು ಕಿವಿಗೆ ಹಚ್ಚಿಕೊಂಡ.

ಲಗ್ನ ಪೇಟೆಯ ಹತ್ತಿರದ ಓಣಿಯಲ್ಲಿ. ಮನೆಯ ಮುಂದೆಯೇ ಮಂಟಪ, ಪಕ್ಕದಲ್ಲಿ ನಮ್ಮ ವೇದಿಕೆ. ಅಕ್ಷತೆಗೆ ಮೊದಲು ಹಾಡು ಶುರು ಮಾಡಿದೆವು. ಬೇಸ್ ಸ್ಪೀಕರಿನಿಂದ ಹೊರಬಿದ್ದದ್ದೇ ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಮುಂದೆ ಬಂದರು. ಅಕ್ಕನ ಧ್ವನಿ ಆ ಬೇಸಿನ ಮೇಲೆ ನಿಶ್ಚಿಂತೆಯಿಂದ ನಿಂತಿತು. ಮಾಲಕರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಎರಡನೆಯ ಹಾಡಿನಲ್ಲಿ ಎಡವಟ್ಟಾಯಿತು. ಅಕ್ಕ ಪಲ್ಲವಿಯ ಒಂದು ಸಾಲನ್ನು ಎಳೆದು ಬಿಟ್ಟರು. ಮುಂದಿನ ಸಾಲಿನಿಂದ ಕೂಗು ಬಂತು, "ವನ್ಸ್ ಮೋರ್." ನಮ್ಮ ಕಡೆ ಇದು ನಾಟಕ ಕಂಪನಿಗಳ ಕಾಲದಿಂದ ಬಂದ ರೂಢಿ. ಮಂದಿ ಹಾಡು ಮುಗಿಯುವ ತನಕ ಕಾಯುವುದಿಲ್ಲ. ಹಿಡಿಸಿದ ಸಾಲಿಗೆ ಅಲ್ಲೇ ಕೂಗುತ್ತಾರೆ. ಹಾಡುವವರು ಅಲ್ಲೇ ನಿಂತು, ಹಿಂದಕ್ಕೆ ಹೋಗಿ, ಆ ಸಾಲನ್ನು ಮತ್ತೆ ಹೇಳಬೇಕು. ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ. ಅಕ್ಕ ಹಿಂದಕ್ಕೆ ಹೋದರು. ನಾವೂ ಹೋದೆವು. ಪೆಟ್ಟಿಗೆ ಚರಣಕ್ಕೆ ಹೋಯಿತು.

ಪಲ್ಲವಿಯಿಂದ ಚರಣದವರೆಗೆ ಪೂರ್ತಿ ಹಾಡನ್ನು ನಾವು ಅದಕ್ಕೆ ತುಂಬಿಸಿದ್ದೆವು. ವಾರಗಟ್ಟಲೆ ತಾಲೀಮು ಮಾಡಿದ್ದೆವು. ಆದರೆ ದರ್ಜಿ ಅಂಗಡಿಯಲ್ಲಿ ವನ್ಸ್ ಮೋರ್ ಕೂಗುವವರು ಯಾರಿದ್ದರು? ಹುಟ್ಟಿದಾಗಿನಿಂದ ಕೇಳುತ್ತ ಬಂದ ಆ ಕೂಗು ನಮ್ಮಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ಅಕಾರ್ಡಿಯನ್ ಒಂದು ದಾರಿ, ಬೇಸ್ ಇನ್ನೊಂದು ದಾರಿ. ಚಾಚಾ ಎರಡರ ನಡುವೆ ಹೊಂದಿಸಲು ಒದ್ದಾಡಿದರು. ಬೀಗರ ಕಡೆಯವನೊಬ್ಬ ಎದ್ದು ನಿಂತು ಹೇಳಿದ: "ಒಳಗ ಯಾವನೋ ಕುಂತು ಬ್ಯಾರೆ ಲಗ್ನಕ್ಕ ನುಡಸಾಕತ್ತಾನ ನೋಡ್ರೋ." ಮಂಟಪವೆಲ್ಲ ನಕ್ಕಿತು. ಮಾಲಕರು ಹಾಡು ನಡೆದಿರುವಾಗಲೇ ಪೆಟ್ಟಿಗೆಯ ವೈರು ಕಿತ್ತರು. ಅಷ್ಟರಲ್ಲಿ ಅಕ್ಷತೆಗೆ ಕರೆ ಬಂತು, ನಾವು ಬಚಾವಾದೆವು.

ಅಕ್ಷತೆ ಬಿದ್ದ ಮೇಲೆ ಊಟದ ಪಂಕ್ತಿ ಕುಳಿತಿತು. ವೇದಿಕೆಯ ಹಿಂದೆ ಮಾಲಕರು ಟವೆಲ್ಲು ಬಿಚ್ಚಿ ಹಿಡಿದು, "ಸುತ್ತಿ ಇಡ್ರಿ ಇದನ್ನ. ಊಟ ಆದಮ್ಯಾಲ ಹಳೇ ರೀತಿ ನುಡಸೂಣು" ಅಂದರು.

ಚಾಚಾ ಸುಮ್ಮನಿದ್ದಿದ್ದರೆ ಅವರ ಜಾಗ ಅವರಿಗೆ ಉಳಿಯುತ್ತಿತ್ತು. ಅವರು ಟವೆಲ್ಲು ಕಸಿದುಕೊಂಡು ಹೆಗಲಿಗೆ ಹಾಕಿಕೊಂಡರು.

"ಮಾಲಕ್ರ, ಅದರ ತಪ್ಪೇನೈತಿ? ಬಾಯಿ ಐತಿ, ಕಿವಿ ಇಲ್ಲ. ವನ್ಸ್ ಮೋರ್ ಅಂದದ್ದು ಅದಕ್ಕ ಹ್ಯಾಂಗ ಗೊತ್ತಾಗಬೇಕು ಪಾಪ?"

"ಹಂಗಾರ ನೀವ ಅದಕ್ಕ ಕಿವಿ ಹಚ್ಚರಿ."

ಮಾಲಕರು ಸಿಟ್ಟಿನಿಂದ ಅಂದ ಮಾತು. ನನಗೆ ಪುಸ್ತಿಕೆಯಲ್ಲಿ ಓದಿ ಬಿಟ್ಟಿದ್ದ ಒಂದು ಪುಟ ನೆನಪಾಯಿತು. ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ತೂತು ಇತ್ತು. ಅಲ್ಲಿಗೆ ಬೇರೊಂದು ತಾಳದ ಯಂತ್ರ ಜೋಡಿಸಿದರೆ, ಅದರ ಒಂದೊಂದು ಮಿಡಿತಕ್ಕೆ ಇದು ಒಂದೊಂದೇ ಸ್ವರ ಮುಂದೆ ಹೋಗುತ್ತದೆ ಎಂದಿತ್ತು. ನಮ್ಮಲ್ಲಿ ತಾಳದ ಯಂತ್ರ ಇಲ್ಲವೆಂದು ಆ ಪುಟ ದಾಟಿದ್ದೆ. ಈಗ ಅನ್ನಿಸಿತು: ಮಿಡಿತ ಎಂದರೆ ಸ್ವಲ್ಪ ಕರೆಂಟು ಬಂದು ಹೋಗುವುದು, ಅಷ್ಟೇ. ಒಂದು ಗುಂಡಿ ಮತ್ತು ಟಾರ್ಚಿನ ಸೆಲ್ಲಿನಿಂದಲೂ ಅದು ಆದೀತು.

ಮೈಕ್ ಸೆಟ್ಟಿನವನು ತನ್ನ ಟ್ರಾನ್ಸಿಸ್ಟರಿನ ಇಯರ್‌ಫೋನು ಕತ್ತರಿಸಿ ಪಿನ್ನು ಮತ್ತು ವೈರು ಕೊಟ್ಟ. ಗುಂಡಿ ಎಲ್ಲೂ ಸಿಗಲಿಲ್ಲ. ವಿಷಯ ತಿಳಿದು ಮದುಮಗಳ ತಂದೆ ಸ್ಕ್ರೂಡ್ರೈವರ್ ತರಿಸಿ ತಮ್ಮ ಬಾಗಿಲಿನ ಬೆಲ್ಲಿನ ಗುಂಡಿಯನ್ನೇ ಬಿಚ್ಚಿಸಿದರು. "ಇವತ್ತ ಬಾಗಲಾ ಹಾಕೂದ ಇಲ್ಲ. ಬೆಲ್ ಯಾರಿಗಿ ಬೇಕ್ರಿ" ಅಂದರು.

ಹಲಗೆಯ ತುಂಡಿಗೆ ಗುಂಡಿ ಕೂಡಿಸಿ, ಸೆಲ್ ಕಟ್ಟಿ, ಪಿನ್ನು ಚುಚ್ಚಿದೆ. ಪಲ್ಲವಿಯ ಒಂದೇ ಸುತ್ತಿನ ಸ್ವರ ತುಂಬಿಸಿ, ಶುರುವಿನ ಗುಂಡಿ ಅದುಮಿದೆ. ಪೆಟ್ಟಿಗೆ ಸುಮ್ಮನೆ ನಿಂತಿತು. ಚಾಚಾ ಬಗ್ಗಿ ಬೆಲ್ಲಿನ ಗುಂಡಿ ಒತ್ತಿದರು. ಒಂದು ಸ್ವರ. ಮತ್ತೆ ಒತ್ತಿದರು, ಮುಂದಿನ ಸ್ವರ. ಬೇಗ ಒತ್ತಿದರೆ ಬೇಗ, ತಡೆದರೆ ತಡೆದು. ಅವರು ಮುಖ ಮೇಲೆತ್ತಿದಾಗ ಹಲ್ಲೆಲ್ಲ ಕಾಣುತ್ತಿದ್ದವು.

"ಹಿಂಬಾಲ ಬರಾಕತ್ತೈತಲ್ರಿ ಸಾಹೇಬ್ರ. ಕುರಿಮರಿ ಬಂದಂಗ."

ಕೈ ಎರಡೂ ಢೋಲಕಿಗೆ ಬೇಕು. ಆದ್ದರಿಂದ ಗುಂಡಿ ಕಾಲಿನ ಹೆಬ್ಬೆರಳ ಕೆಳಗೆ ಹೋಯಿತು. ಜಮಖಾನೆಯ ಮೇಲೆ ಕೂತೇ ರೂಢಿಯಿದ್ದ ಚಾಚಾ ಗೊಣಗುತ್ತ ಮಡಚುವ ಕುರ್ಚಿಯ ಮೇಲೆ ಕುಳಿತರು. ಢೋಲಕಿ ತೊಡೆಗೆ ಟವೆಲ್ಲಿನಿಂದ ಕಟ್ಟಿದೆವು. ಒತ್ತಿದರೆ ಮೊದಲ ಸ್ವರಕ್ಕೆ ಮರಳಿಸುವ ಪೆಟ್ಟಿಗೆಯ ಶುರುವಿನ ಗುಂಡಿ ಅಕ್ಕನ ಪಕ್ಕಕ್ಕೆ. ಯಾವಾಗ ಹಿಂದಕ್ಕೆ ಹೋಗುವುದು ಎಂದು ಗೊತ್ತಿರುವುದು ಅವರಿಗೇ.

"ನಾ ಹಾಡ್ಲೋ, ಗುಂಡಿ ಒತ್ತಲೋ?" ಅಂದರು ಅಕ್ಕ.

"ಎರಡೂ. ಚಾ ಸೋಸ್ತಾ ಸೋಸ್ತಾ ನಮಗ ಬೈತೀಯಲ್ಲ ಬೇಟಿ, ಹಂಗ" ಅಂದರು ಚಾಚಾ.

ಊಟ ಮುಗಿಸಿದ ಮಂದಿ ಎಲೆ ಅಡಿಕೆ ಹಾಕಿಕೊಂಡು ಬಂದು ಕುಳಿತರು. ಅದೇ ಹಾಡು ಎತ್ತಿಕೊಂಡೆವು. ಅದೇ ಸಾಲಿಗೆ ಅದೇ ಕೂಗು ಬಂತು, ಈ ಸಲ ನಮ್ಮನ್ನು ಕೆಡವಲೆಂದೇ. ಚಾಚಾನ ಹೆಬ್ಬೆರಳು ಎದ್ದಿತು, ಬೇಸ್ ನಿಂತಿತು. ಅಕ್ಕ ಗುಂಡಿ ಒತ್ತಿ, ಸೆರಗು ಸರಿಪಡಿಸಿಕೊಂಡು, ಬೇಕಂತಲೇ ಒಂದು ಕ್ಷಣ ಕಾಯಿಸಿ ಸಾಲು ಎತ್ತಿದರು. ಹೆಬ್ಬೆರಳು ಇಳಿಯಿತು. ಬೇಸ್, ಢೋಲಕಿ, ಧ್ವನಿ ಒಟ್ಟಿಗೆ ಬಿದ್ದವು. ಮಂದಿ ಮತ್ತೆ ಕೂಗಿದರು, ಈ ಸಲ ಖರೇ ಖುಷಿಯಿಂದ. ನಾನು ಜಾರುಗುಂಡಿಯನ್ನು ಒಮ್ಮೊಮ್ಮೆ ಮೇಲಕ್ಕೆ ಎಳೆದುಬಿಡುತ್ತಿದ್ದೆ. ಸ್ವರ ತೆರೆದುಕೊಂಡಾಗಲೆಲ್ಲ ಮುಂದಿನ ಸಾಲಿನಲ್ಲಿ ತಲೆಗಳು ಹಿಂದಕ್ಕೆ ವಾಲುತ್ತಿದ್ದವು. ಅಷ್ಟು ಸಂತೋಷದಿಂದ ನಾನು ಹಾರ್ಮೋನಿಯಂ ತಪ್ಪು ನುಡಿಸಿದ್ದು ಅದೇ ಮೊದಲು.

ಸಾಮಾನು ಕಟ್ಟುವಾಗ ನಂದಗಡದ ಒಬ್ಬರು ಮಾಲಕರನ್ನು ಹುಡುಕಿಕೊಂಡು ಬಂದರು. ಮಗನ ಲಗ್ನಕ್ಕೆ ಆರ್ಕೆಸ್ಟ್ರಾ ಬೇಕಿತ್ತು.

"ಎಷ್ಟ ಮಂದಿ ಬರ್ತೀರಿ?"

ಮಾಲಕರು ನಮ್ಮ ಕಡೆ ತಿರುಗಿದರು. ಚಾಚಾ ತಲೆ ಎತ್ತದೆ ಢೋಲಕಿಯ ಹಗ್ಗ ಸಡಿಲಿಸುತ್ತಿದ್ದರು. ಅವರ ಕೈ ನಿಂತದ್ದನ್ನು ನಾನು ಕಂಡೆ.

"ಇಲ್ಲಿ ಕಾಣ್ತಾರಲ್ರಿ, ಇವರಷ್ಟೂ" ಅಂದರು ಮಾಲಕರು. "ಚಾಚಾನ ಕಾಲ ಇಲ್ಲದ ನಮ್ಮ ಬೇಸ್ ಮಾತಾಡೂದಿಲ್ಲ."

ಬಂದವರು ಹೋದ ಮೇಲೆ ಚಾಚಾ ಎದ್ದು ಪೆಟ್ಟಿಗೆಯ ಹತ್ತಿರ ಬಂದರು.

"ಹಂಗಾದ್ರ ಇದು ನನ್ನ ಮನ್ಯಾಗ ಇರಬೇಕು, ಮಾಲಕ್ರ. ಕಾಲಿಗಿ ರಿಯಾಜ್ ಬೇಕು. ಇವತ್ತ ಎರಡ ಸಲ ತಪ್ಪೇನಿ, ನೀವ ನೋಡಿಲ್ಲ."

ನನಗೂ ಅದನ್ನು ಮನೆಗೆ ಒಯ್ಯುವ ಆಸೆ ಇತ್ತು. ಮಾಲಕರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಒಯ್ಯಿರಿ. ಆದ್ರ ರವಿವಾರ ಮುಂಜಾನೆ ಅಂಗಡಿಗಿ ಇಬ್ಬರೂ ಹಾಜರ ಇರಬೇಕು."

"ಇಬ್ಬರೂ ಬರ್ತೀವಿ" ಅಂದರು ಚಾಚಾ, ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು.